ಸಂಪರ್ಕ ಕಡಿದರೂ ಕೆಲಸ ನಿಲ್ಲದಿರಲಿ: ಲಿನಕ್ಸ್ ಬಳಕೆದಾರರಿಗೊಂದು ಕೈಪಿಡಿ

ದೂರದ ಲಿನಕ್ಸ್ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಪ್ರವೇಶಿಸಿ, ನಾಲ್ಕೈದು ತಾಸು ಹಿಡಿಯುವ ಕೆಲಸವೊಂದನ್ನು ಆರಂಭಿಸಿದ್ದೀರಿ ಎಂದುಕೊಳ್ಳಿ. ಅರ್ಧ ದಾರಿಯಲ್ಲಿ ವಿದ್ಯುತ್ ಕೈಕೊಟ್ಟು ಇಂಟರ್ನೆಟ್ ಸಂಪರ್ಕ ತಪ್ಪಿದರೆ, ಅಷ್ಟು ಹೊತ್ತಿನ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸರ್ವರ್ ಚಾಲನೆಯಲ್ಲೇ ಇರುತ್ತದೆ. ನಿಮ್ಮ ಕೆಲಸ ಮಾತ್ರ ನಿಂತಿರುತ್ತದೆ. ಇದನ್ನು ತಡೆಯುವ ಉಪಾಯಗಳು ಲಿನಕ್ಸ್‌ನಲ್ಲಿಯೇ ಇವೆ.

ಕಾರಣವೇನು?

ಟರ್ಮಿನಲ್ ಮುಚ್ಚಿದೊಡನೆ ಶೆಲ್‌ಗೆ ‘ಸಿಗ್‌ಹಪ್’ ಎಂಬ ಸಂಕೇತ ತಲುಪುತ್ತದೆ. ದೂರವಾಣಿ ತಂತಿ ಹಾಗೂ ಮೋಡೆಮ್‌ಗಳ ಮೂಲಕ ಯುನಿಕ್ಸ್ ಬಳಸುತ್ತಿದ್ದ ಕಾಲದಲ್ಲಿ ‘ಕರೆ ಕಡಿದಿದೆ’ ಎಂದು ತಿಳಿಸಲು ರೂಪುಗೊಂಡ ಸಂಕೇತವಿದು. ಶೆಲ್ ಇದನ್ನು ತಾನು ಆರಂಭಿಸಿದ ಪ್ರೋಗ್ರಾಂಗಳಿಗೂ ದಾಟಿಸುತ್ತದೆ. ಇದನ್ನು ನಿಭಾಯಿಸುವ ಏರ್ಪಾಡಿಲ್ಲದ ಪ್ರೋಗ್ರಾಂಗಳು ಅಲ್ಲಿಗೇ ಕೊನೆಗೊಳ್ಳುತ್ತವೆ.

ಸರಳ ಉಪಾಯ

ಆದೇಶದ ಮೊದಲಿಗೆ ‘ನೋಹಪ್’ ಎಂದೂ, ಕೊನೆಗೆ ‘&’ ಚಿಹ್ನೆಯನ್ನೂ ಸೇರಿಸಿದರೆ ಪ್ರೋಗ್ರಾಂ ಆ ಸಂಕೇತವನ್ನು ಲೆಕ್ಕಿಸದೆ ಹಿನ್ನೆಲೆಯಲ್ಲಿ ಮುಂದುವರಿಯುತ್ತದೆ. ಪರದೆಯ ಮೇಲೆ ಮೂಡಬೇಕಾದ ಸಾಲುಗಳು ‘ನೋಹಪ್.ಔಟ್’ ಕಡತ ಸೇರುತ್ತವೆ. ಕೆಲಸ ಈಗಾಗಲೇ ಆರಂಭವಾಗಿದ್ದರೆ ಕಂಟ್ರೋಲ್-ಝಡ್ ಒತ್ತಿ, ‘ಬಿಜಿ’ ಆದೇಶದಿಂದ ಹಿನ್ನೆಲೆಗೆ ಕಳುಹಿಸಿ, ಬಳಿಕ ಬ್ಯಾಶ್ ಶೆಲ್‌ನ ‘ಡಿಸ್‌ಓನ್’ ಆದೇಶ ನೀಡಬಹುದು. ಆದರೆ ಪ್ರೋಗ್ರಾಂ ನಡುವೆ ಪ್ರಶ್ನೆ ಕೇಳಿದರೆ ಉತ್ತರಿಸುವ ದಾರಿ ಇಲ್ಲಿಲ್ಲ.

ಉತ್ತಮ ಮಾರ್ಗ

ಈ ಕೊರತೆಯನ್ನು ನೀಗಿಸುವುದು ‘ಸ್ಕ್ರೀನ್’ ಮತ್ತು ‘ಟಿಮಕ್ಸ್’. ಸ್ಕ್ರೀನ್ ಅನ್ನು 1987ರಲ್ಲಿ ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಆಲಿವರ್ ಲೌಮನ್ ಮತ್ತು ಕಾರ್ಸ್ಟನ್ ಬೋರ್ಮನ್ ರಚಿಸಿದರು. ನಿಕೋಲಸ್ ಮ್ಯಾರಿಯಟ್ ರಚಿಸಿದ ಟಿಮಕ್ಸ್ 2007ರಲ್ಲಿ ಬಂದಿತು. ಇವು ಟರ್ಮಿನಲ್ ಅನ್ನು ಸರ್ವರ್‌ನಲ್ಲಿಯೇ ಹಿಡಿದಿಡುತ್ತವೆ. ನಿಮ್ಮ ಕಂಪ್ಯೂಟರ್ ಅದನ್ನು ಇಣುಕಿ ನೋಡುವ ಕಿಟಕಿ ಮಾತ್ರ. ಕಿಟಕಿ ಮುಚ್ಚಿದರೂ ಒಳಗಿನ ಕೆಲಸಕ್ಕೆ ಭಂಗವಿಲ್ಲ.

ಸ್ಕ್ರೀನ್‌ನಿಂದ ಹೊರಬರಲು ಕಂಟ್ರೋಲ್-ಎ ಒತ್ತಿ ಬಳಿಕ ಡಿ ಒತ್ತಬೇಕು. ಮರಳಲು ‘ಸ್ಕ್ರೀನ್ -ಆರ್’. ಟಿಮಕ್ಸ್‌ನಲ್ಲಿ ಕಂಟ್ರೋಲ್-ಬಿ ಬಳಿಕ ಡಿ. ಮರಳಲು ‘ಟಿಮಕ್ಸ್ ಅಟ್ಯಾಚ್’. ರೆಡ್ ಹ್ಯಾಟ್ ಸಂಸ್ಥೆಯು 2019ರ ತನ್ನ 8ನೇ ಆವೃತ್ತಿಯಿಂದ ಸ್ಕ್ರೀನ್ ಅನ್ನು ಕೈಬಿಟ್ಟಿರುವುದರಿಂದ, ಅದರ ಬಳಕೆದಾರರು ಟಿಮಕ್ಸ್ ಕಲಿಯುವುದು ಲೇಸು.

ಇದರ ಮಹತ್ವಕ್ಕೆ ಉಬುಂಟು ಉತ್ತಮ ನಿದರ್ಶನ. ಇಡೀ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸುವ ಕಾರ್ಯ ನಡುವೆ ನಿಂತರೆ ಸರ್ವರ್ ಮತ್ತೆ ಏಳದಿರುವ ಅಪಾಯವಿದೆ. ಆದ್ದರಿಂದ ಎಸ್‌ಎಸ್‌ಎಚ್ ಮೂಲಕ ಈ ಕಾರ್ಯ ಕೈಗೊಂಡಾಗ ಉಬುಂಟುವಿನ ಉನ್ನತೀಕರಣ ಪ್ರೋಗ್ರಾಂ ತಾನೇ ಸ್ಕ್ರೀನ್‌ನ ಆಶ್ರಯ ಪಡೆಯುತ್ತದೆ.

ಗಮನಿಸಬೇಕಾದ ಅಂಶಗಳು

2016ರಲ್ಲಿ ಬಿಡುಗಡೆಯಾದ ಸಿಸ್ಟಮ್‌ಡಿ 230ನೇ ಆವೃತ್ತಿಯು ಲಾಗೌಟ್ ಆದವರ ಎಲ್ಲ ಪ್ರಕ್ರಿಯೆಗಳನ್ನೂ ಕೊನೆಗೊಳಿಸುವುದನ್ನು ಪೂರ್ವನಿಗದಿತ ಕ್ರಮವಾಗಿಸಿತು. ಡೆಬಿಯನ್ ಇದನ್ನು ತನ್ನಲ್ಲಿ ನಿಷ್ಕ್ರಿಯಗೊಳಿಸಿತು. ಟಿಮಕ್ಸ್ ಕೂಡ ಲಾಗೌಟ್ ಬಳಿಕ ಮಾಯವಾಗುತ್ತಿದ್ದರೆ, ಲಾಗಿನ್‌ಡಿ ಸಂರಚನಾ ಕಡತದಲ್ಲಿ ‘ಕಿಲ್‌ಯೂಸರ್‌ಪ್ರೊಸೆಸಸ್’ ಆಯ್ಕೆಯನ್ನು ಪರಿಶೀಲಿಸುವಂತೆ ನಿರ್ವಾಹಕರನ್ನು ಕೋರಬೇಕು.

ಸರ್ವರ್ ಸ್ವತಃ ಮರುಚಾಲನೆಗೊಂಡರೆ ಈ ಯಾವ ಉಪಾಯವೂ ನೆರವಿಗೆ ಬಾರದು. ರೂಟ್ ಅಧಿಕಾರದಲ್ಲಿ ತೆರೆದ ಸೆಷನ್‌ಗಳನ್ನು ಕೆಲಸ ಮುಗಿದೊಡನೆ ಮುಚ್ಚುವುದು ಸುರಕ್ಷತೆಯ ದೃಷ್ಟಿಯಿಂದ ಅಗತ್ಯ. ಎಲ್ಲಕ್ಕಿಂತ ಮಿಗಿಲಾಗಿ, ಟಿಮಕ್ಸ್ ಆಗಲಿ ಸ್ಕ್ರೀನ್ ಆಗಲಿ, ದೀರ್ಘ ಕೆಲಸಕ್ಕೆ ಕೈಹಾಕುವ ಮೊದಲೇ ತೆರೆದಿರಬೇಕು. ಸಂಪರ್ಕ ಕಡಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.