ಕಾಂಗ್ರೆಸ್ ಗಿಡವೂ ಮೆಕ್ಸಿಕೋದ ದುಂಬಿಯೂ

ಮಳೆ ಬಿದ್ದೊಡನೆ ಬೀದಿಯ ಅಂಚನ್ನೂ ಪಾಳು ನಿವೇಶನಗಳನ್ನೂ ತುಂಬಿಕೊಂಡು, ಪುಟ್ಟ ಬಿಳಿಯ ಹೂಗಳನ್ನು ತಳೆಯುವ ಗಿಡವೊಂದನ್ನು ನಾವೆಲ್ಲರೂ ಬಲ್ಲೆವು. ಜನರು ಇದನ್ನು ಕಾಂಗ್ರೆಸ್ ಗಿಡವೆನ್ನುವರು. ಶಾಸ್ತ್ರದಲ್ಲಿ ಇದರ ಹೆಸರು ಪಾರ್ಥೇನಿಯಂ. ಇದರ ತವರು ಅಮೆರಿಕದ ಉಷ್ಣವಲಯ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಗಿಡ ಕೆಲವೇ ದಶಕಗಳಲ್ಲಿ ದೇಶವನ್ನು ವ್ಯಾಪಿಸಿತು. ಇದರ ಸ್ಪರ್ಶದಿಂದ ಹಲವರಿಗೆ ಚರ್ಮದ ತುರಿಕೆಯೂ, ಪರಾಗದಿಂದ ಉಬ್ಬಸವೂ ಉಂಟಾಗುತ್ತವೆ.

ಈ ವೇಗಕ್ಕೆ ಕಾರಣವೇನು? ಚೆನ್ನಾಗಿ ಬೆಳೆದ ಒಂದು ಗಿಡ 15,000 ಬೀಜಗಳನ್ನು ಬಿಡಬಲ್ಲದು. ಸಾವಿರಕ್ಕೆ ಒಂದೇ ಬೀಜ ಬದುಕಿತೆಂದು ಭಾವಿಸೋಣ. ಮೊದಲ ಪೀಳಿಗೆಯಲ್ಲಿ 15, ಎರಡನೆಯದರಲ್ಲಿ 225, ಮೂರನೆಯದರಲ್ಲಿ 3,375 ಗಿಡಗಳಾಗುವುವು. ತವರಿನಲ್ಲಿ ಇದನ್ನು ತಿಂದು ಮಿತಿಯಲ್ಲಿಡುವ ಕೀಟಗಳಿವೆ. ಗಿಡ ಇಲ್ಲಿಗೆ ಬಂದಿತು. ಅದರ ಶತ್ರುಗಳು ಬರಲಿಲ್ಲ.

ಹಾಗಾದರೆ ಶತ್ರುವನ್ನೂ ಕರೆತಂದರೆ? 1983ರಲ್ಲಿ ಮೆಕ್ಸಿಕೋದಿಂದ ಒಂದು ಬಗೆಯ ದುಂಬಿಯನ್ನು ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ದುಂಬಿಯೂ ಅದರ ಮರಿಹುಳುಗಳೂ ಈ ಗಿಡದ ಎಲೆಗಳನ್ನು ತಿನ್ನುತ್ತವೆ. ಗಿಡ ಹೆಚ್ಚಿದರೆ ದುಂಬಿ ಹೆಚ್ಚುವುದು. ದುಂಬಿ ಹೆಚ್ಚಿದರೆ ಗಿಡ ಕುಗ್ಗುವುದು. ಆಗ ಆಹಾರವಿಲ್ಲದೆ ದುಂಬಿಯೂ ಕುಗ್ಗುವುದು. ಸಮಸ್ಥಾನದ ಎರಡೂ ಕಡೆ ತೂಗುವ ಲೋಲಕವನ್ನು ಇಲ್ಲಿ ನೆನೆಯಬಹುದು.

ಪರೀಕ್ಷೆಯೇಕೆ? 1935ರಲ್ಲಿ ಆಸ್ಟ್ರೇಲಿಯದವರು ಕಬ್ಬಿನ ಕೀಟಗಳನ್ನು ತಿನ್ನಲೆಂದು ಹವಾಯಿಯಿಂದ ನೆಲಗಪ್ಪೆಗಳನ್ನು ತರಿಸಿದರು. ಕೀಟಗಳು ಉಳಿದವು; ವಿಷವುಳ್ಳ ಕಪ್ಪೆಗಳೇ ಪಿಡುಗಾದವು. ನಮ್ಮಲ್ಲಿಯೂ ದುಂಬಿ ಸೂರ್ಯಕಾಂತಿಯ ಎಲೆಯನ್ನು ಕಡಿದಾಗ ರೈತರು ಕಳವಳಗೊಂಡರು. ಎಲೆಯ ಮೇಲೆ ಬಿದ್ದ ಪಾರ್ಥೇನಿಯಂ ಪರಾಗವೇ ಅದನ್ನು ಸೆಳೆಯುತ್ತದೆಂಬುದು ಮುಂದೆ ಪ್ರಯೋಗಗಳಿಂದ ತಿಳಿಯಿತು.

ಆದರೂ ದುಂಬಿಯೊಂದನ್ನೇ ನಂಬಿ ಕೂರುವಂತಿಲ್ಲ. ಮಳೆಗಾಲ ಮುಗಿದ ಮೇಲೆ ಅದು ಮಣ್ಣಿನೊಳಗೆ ಸೇರಿ ನಿದ್ರಿಸುತ್ತದೆ. ನೀರು ದೊರೆತೆಡೆಯಲ್ಲಿ ಗಿಡವು ಆಗಲೂ ಬೆಳೆಯುತ್ತದೆ. ಬೀಜಗಳು ನೆಲದಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಆದುದರಿಂದ ಕೈಚೀಲ ತೊಟ್ಟು, ಹೂ ಬಿಡುವ ಮೊದಲೇ ಗಿಡವನ್ನು ಬೇರುಸಹಿತ ಕೀಳಬೇಕು. ಹೂವಿಗೆ ಮುನ್ನ ಕಿತ್ತ ಒಂದು ಗಿಡವೆಂದರೆ ನೆಲಕ್ಕೆ ಬೀಳದೆ ಹೋದ ಸಾವಿರಾರು ಬೀಜಗಳು. ಈ ಲೆಕ್ಕವನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ಶಾಲೆಯ ಆವರಣದಿಂದಲೇ ಆರಂಭಿಸಬಹುದು.