ಬೆನ್ನುಹುರಿಗೆ ಪೆಟ್ಟಾದಾಗ ಔಷಧವು ಎಷ್ಟು ಕಾಯಬಲ್ಲದು?

ಕಾಳುಮೆಣಸಿನ ಕುಯ್ಲು ಹಾಗೂ ಮರಗಸಿಯ ಕಾಲದಲ್ಲಿ ಹೆಗ್ಗದ್ದೆಯ ಸುತ್ತಿನ ತೋಟಗಳಲ್ಲಿ ಗಂಡ ಏಣಿಯ ಮೇಲಿದ್ದರೆ ಹೆಂಡತಿ ಅನೇಕ ವೇಳೆ ಕೆಳಗೆ ಉದುರಿದ ಕಾಳು ಆಯುತ್ತಿರುತ್ತಾಳೆ. ಏಣಿ ಜಾರಿ ಆತ ಬಿದ್ದರೆ ಮೊದಲು ಬಳಿಗೆ ಓಡುವವಳು ಆಕೆಯೇ. ಆದುದರಿಂದ ಈ ಲೇಖನವನ್ನು ದಂಪತಿಗಳಿಬ್ಬರೂ ಕೂಡಿ ಓದಬೇಕೆಂದು ಕೋರುತ್ತೇನೆ.

ಬೆನ್ನೆಲುಬಿನ ಮಣಿಗಳೊಳಗೆ ಕಿರುಬೆರಳಿನಷ್ಟು ದಪ್ಪದ, ಸುಮಾರು 45 ಸೆಂಟಿಮೀಟರ್ ಉದ್ದದ ಬೆನ್ನುಹುರಿ ಇದೆ. ಕೈಕಾಲುಗಳ ಚಲನೆ, ಸ್ಪರ್ಶಜ್ಞಾನ, ಮಲಮೂತ್ರಗಳ ಹತೋಟಿ ಇದನ್ನೇ ಅವಲಂಬಿಸಿವೆ. ಬಿದ್ದ ಪೆಟ್ಟಿಗೆ ಹುರಿಯ ಒಂದು ಭಾಗ ಆ ಕ್ಷಣವೇ ಜಜ್ಜಿಹೋಗುತ್ತದೆ. ಎರಡನೆಯ ಹಾನಿ ಮುಂದಿನ ಗಂಟೆಗಳಲ್ಲಿ ಆಗತಕ್ಕದ್ದು. ಹುರಿ ಊದಿಕೊಂಡು ಸಣ್ಣ ರಕ್ತನಾಳಗಳು ಅದುಮಿಹೋಗುತ್ತವೆ. ಕಾಲುವೆ ಕಟ್ಟಿಕೊಂಡಾಗ ಕೆಳಗಿನ ಗದ್ದೆಯ ಪೈರು ಒಣಗುವಂತೆ, ಪೆಟ್ಟು ತಾಗದ ಅಕ್ಕಪಕ್ಕದ ಜೀವಕೋಶಗಳೂ ರಕ್ತ ಸಿಗದೆ ಸಾಯತೊಡಗುತ್ತವೆ.

"ನರಕ್ಕೆ ಒಂದು ಇಂಜೆಕ್ಷನ್ ಕೊಡಿ, ಡಾಕ್ಟರೇ" ಎಂದು ಬಂಧುಗಳು ಕೇಳುವುದುಂಟು. ಆ ಇಂಜೆಕ್ಷನ್ನಿಗಾಗಿ ವೈದ್ಯಲೋಕ ದಶಕಗಳಿಂದ ಹುಡುಕಿದೆ. ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ಪೆಟ್ಟಾದ 8 ಗಂಟೆಗಳೊಳಗೆ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಸ್ವಲ್ಪ ಗುಣವಾದೀತೆಂದು 1990ರಲ್ಲಿ ಅಮೆರಿಕದ ಪ್ರಯೋಗವೊಂದು ತಿಳಿಸಿದಾಗ ಬಹಳ ಆಸೆ ಹುಟ್ಟಿತು. ಮುಂದೆ ಲಾಭ ಸಂದೇಹಾಸ್ಪದವೆಂದೂ ಸೋಂಕು, ಹೊಟ್ಟೆಯೊಳಗಿನ ರಕ್ತಸ್ರಾವಗಳ ಅಪಾಯ ಉಂಟೆಂದೂ ಕಂಡುಬಂದು, 2013ರಲ್ಲಿ ಅಲ್ಲಿನ ನರಶಸ್ತ್ರವೈದ್ಯರ ಸಂಘಗಳೇ ಅದು ಬೇಡವೆಂದು ಸಲಹೆಯಿತ್ತವು. ಆಯ್ದ ರೋಗಿಗಳಿಗೆ ಈಗಲೂ ಕೊಡುವ ವೈದ್ಯರಿದ್ದಾರೆ. ಆದರೆ ಕೊಡಲಿಲ್ಲವೆಂದ ಮಾತ್ರಕ್ಕೆ ಅಲಕ್ಷ್ಯ ಮಾಡಿದರೆಂದು ತಿಳಿಯಬೇಡಿ.

ಇಂದು ನಾವು ಹೆಚ್ಚಾಗಿ ನಂಬಿರುವುದು ರಕ್ತದೊತ್ತಡವನ್ನು ಇಳಿಯಗೊಡದೆ ಕಾಯುವುದನ್ನು. ಆಮ್ಲಜನಕ, ಡ್ರಿಪ್, ಅಗತ್ಯಬಿದ್ದರೆ ನಾರ್‌ಅಡ್ರಿನಲಿನ್ ಔಷಧ ಕೊಟ್ಟು ಮೊದಲ ಕೆಲವು ದಿನ ಎಚ್ಚರದಿಂದ ನೋಡಿಕೊಳ್ಳುತ್ತೇವೆ. ಇದರಿಂದ ಸತ್ತ ಕೋಶ ಬದುಕದು. ಬದುಕಿರುವುದಕ್ಕೆ ರಕ್ತ ತಲುಪುತ್ತದೆ. ಹುರಿಯನ್ನು ಅದುಮಿರುವ ಮೂಳೆಯನ್ನು ಸರಿಸುವ ಶಸ್ತ್ರಚಿಕಿತ್ಸೆ ಬೇಕಾದಲ್ಲಿ 24 ಗಂಟೆಗಳೊಳಗೆ ಆಗುವುದು ಲೇಸು.

ಇಷ್ಟೆಲ್ಲ ಫಲಿಸಬೇಕಾದರೆ ತೋಟದಲ್ಲಿ ಆಗುವ ತಪ್ಪು ತಪ್ಪಬೇಕು. ಬಿದ್ದವನನ್ನು ಎಬ್ಬಿಸಿ ಕೂರಿಸುವುದು, ಕಂಕುಳು ಮತ್ತು ಕಾಲು ಹಿಡಿದೆತ್ತಿ ಜೀಪಿನ ಸೀಟಿಗೆ ಮಡಚಿ ಹಾಕುವುದು ನಮ್ಮ ಕಡೆಯ ರೂಢಿ. ಮುರಿದ ಮಣಿ ಅಲುಗಿದರೆ ಅರ್ಧ ಉಳಿದ ಹುರಿಯೂ ಹೋದೀತು. ಮಲಗಿದಲ್ಲಿಯೇ ಬಿಟ್ಟು 108ಕ್ಕೆ ಕರೆಮಾಡಿ. ತಲೆಯ ಎರಡು ಪಕ್ಕಕ್ಕೂ ಕಂಬಳಿಯ ಸುರುಳಿ ಇಡಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿಹಿಡಿಯಿರಿ, ಏಕೆಂದರೆ ರಕ್ತ ಹೋದಷ್ಟೂ ಹುರಿಗೆ ಬರಗಾಲ. ನೀರು, ಸಾರಾಯಿ ಕುಡಿಸಬೇಡಿ. ವಾಂತಿ ಬಂದರೆ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ನಾಲ್ಕೈದು ಮಂದಿ ಕೂಡಿ ಪಕ್ಕಕ್ಕೆ ಹೊರಳಿಸಿ. ಆಂಬುಲೆನ್ಸ್ ಬರಲಾಗದ ದಾರಿಯಾದರೆ ಅದೇ ರೀತಿ ಹೊರಳಿಸಿ ಬಾಗಿಲ ಹಲಗೆಯ ಮೇಲೆ ಮಲಗಿಸಿ, ಅಲುಗದಂತೆ ಕಟ್ಟಿ ರಸ್ತೆಗೆ ತನ್ನಿರಿ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಅಲ್ಲಿ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆ ಇದೆ.

ಕಾಲುಗಳಲ್ಲಿ ಸ್ವಾಧೀನ ಮರಳದೆ ಮನೆಗೆ ಬಂದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಹಾಸಿಗೆ ಹುಣ್ಣಾಗುತ್ತದೆ. ಮೂತ್ರದ ನಳಿಕೆಯ ವಿಚಾರವನ್ನೂ, ದಾಂಪತ್ಯ ಮತ್ತು ಸಂತಾನದ ವಿಚಾರವನ್ನೂ ವೈದ್ಯರಲ್ಲಿ ಸಂಕೋಚವಿಲ್ಲದೆ ಕೇಳಿರಿ. ಇಬ್ಬರೂ ಕೂಡಿಯೇ ಬನ್ನಿ.