ಸಾಲದ ನಿದ್ದೆ

ದ್ವಿತೀಯ ಪಿಯುಸಿ ಪರೀಕ್ಷೆಗೆ ಇನ್ನು ನಾಲ್ಕೇ ದಿನ. ರಾತ್ರಿ ಒಂದು ಗಂಟೆಯಾದರೂ ಮಗಳ ಕೋಣೆಯ ದೀಪ ಆರಿಲ್ಲ. ಪುಸ್ತಕ ಮುಚ್ಚಿ ಮಲಗಿದರೆ ನಿದ್ದೆ ಇಲ್ಲ. ಎದ್ದು ಕೂತರೆ ಓದಿದ್ದು ತಲೆಗೆ ಹತ್ತುವುದಿಲ್ಲ. ನೋಡಲಾರದೆ ತಾಯಿ ಅಜ್ಜಿಯ ಔಷಧಿ ಡಬ್ಬಿಯಿಂದ ಮಾತ್ರೆಯ ಸ್ಟ್ರಿಪ್ ತರುತ್ತಾರೆ. 'ಇವತ್ತೊಂದಿನ ಅರ್ಧ ತಗೊಂಡು ಮಲಕ್ಕೋ ಪುಟ್ಟಿ. ಅಜ್ಜಿ ದಿನಾ ತಗೊಳ್ಳೋದಿಲ್ವೆ?'

ಇದು ಯಾವ ಊರಿನ ಯಾವ ಮನೆಯಲ್ಲಾದರೂ ನಡೆಯಬಹುದಾದ ಸಂಗತಿ. ಆ ತಾಯಿಯಲ್ಲಿ ಇರುವುದು ಪ್ರೀತಿಯೇ ಹೊರತು ಬೇರೇನೂ ಅಲ್ಲ. ಆದರೆ ಅವರ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ ಕೇಳಬೇಕಾಗಿದೆ. ಅಜ್ಜಿ ದಿನಾ ಏಕೆ ತೆಗೆದುಕೊಳ್ಳುತ್ತಿದ್ದಾರೆ?

ಇಂಥ ಮನೆಗಳಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ ಬಗೆಯದು. ಅಜ್ಜ ತೀರಿಕೊಂಡ ಹೊಸದರಲ್ಲಿ ಅಜ್ಜಿ ರಾತ್ರಿಯಿಡೀ ಎಚ್ಚರವಾಗಿರುತ್ತಿದ್ದರು. ಡಾಕ್ಟರು ಹದಿನೈದು ದಿನಕ್ಕೆಂದು ಮಾತ್ರೆ ಬರೆದುಕೊಟ್ಟರು. ಆಗಿನ ಸ್ಥಿತಿಗೆ ಅದು ತಪ್ಪೇನಲ್ಲ. ಹದಿನೈದು ದಿನ ಕಳೆದ ಮೇಲೆ ಅದೇ ಚೀಟಿ ತೋರಿಸಿ ಇನ್ನೊಂದು ಸ್ಟ್ರಿಪ್ ತಂದದ್ದಾಯಿತು. ಆಮೇಲೆ ಮತ್ತೊಂದು. ಚೀಟಿಯ ಮಡಿಕೆಗಳು ಹರಿದುಹೋಗಿವೆ, ಆರು ವರ್ಷ ಕಳೆದಿದೆ. ಮುಂದುವರಿಸಿ ಎಂದು ಯಾರೂ ಹೇಳಲಿಲ್ಲ. ನಿಲ್ಲಿಸಿ ಎಂದೂ ಯಾರೂ ಹೇಳಲಿಲ್ಲ.

ಚಟ ಎಂದೊಡನೆ ನಮಗೆ ನೆನಪಾಗುವುದು ಹೆಂಡ, ಗಾಂಜಾ, ಬೀದಿಯ ಕತ್ತಲ ಮೂಲೆ. ಡಾಕ್ಟರೇ ಬರೆದುಕೊಟ್ಟ, ಮನೆಯವರೇ ತಂದಿಟ್ಟ, ಬೆಚ್ಚನೆ ಹಾಲಿನ ಜೊತೆ ನುಂಗುವ ಪುಟ್ಟ ಮಾತ್ರೆಗೂ ದೇಹ ಒಗ್ಗಿಹೋಗಿ ಬಿಡಲಾರದಂತಾಗುತ್ತದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ.

<b>ಮೇಜಿನ ಮೇಲೆ ಮರೆತಿದ್ದ ಸೀಸೆ</b>

ಈ ಮಾತ್ರೆಗಳ ಕಥೆ ಸ್ವಾರಸ್ಯಕರವಾದದ್ದು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ನಿದ್ದೆಗೆಂದು ಕೊಡುತ್ತಿದ್ದುದು ಬಾರ್ಬಿಚುರೇಟ್ ಎಂಬ ಗುಂಪಿನ ಔಷಧಿಗಳನ್ನು. ಅವುಗಳಲ್ಲಿ ನಿದ್ದೆ ತರುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ನಡುವಿನ ಅಂತರ ತೀರ ಕಡಿಮೆ. 1962ರಲ್ಲಿ ಹಾಲಿವುಡ್ ತಾರೆ ಮರ್ಲಿನ್ ಮನ್ರೋ ಸಾವಿಗೆ ಕಾರಣವಾದದ್ದರಲ್ಲಿ ಇಂಥದೊಂದು ಔಷಧಿಯೂ ಇತ್ತು.

ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ರೋಶ್ ಕಂಪನಿಯ ಪ್ರಯೋಗಶಾಲೆಯಲ್ಲಿ ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನ ವಿಜ್ಞಾನಿ ಇವಕ್ಕೆ ಬದಲಿ ಹುಡುಕುತ್ತಿದ್ದರು. ಪ್ರಯತ್ನ ಫಲಿಸದೆ ಆ ಕೆಲಸವನ್ನೇ ಬದಿಗಿಟ್ಟಿದ್ದರು. 1957ರಲ್ಲಿ ಮೇಜು ಸ್ವಚ್ಛಗೊಳಿಸುವಾಗ, ಪರೀಕ್ಷೆ ಮಾಡದೆ ಬಿಟ್ಟಿದ್ದ ಒಂದು ರಾಸಾಯನಿಕ ಕಣ್ಣಿಗೆ ಬಿತ್ತು. ಎಸೆಯುವ ಮುನ್ನ ಪರೀಕ್ಷೆಗೆ ಕಳಿಸಿದರು. ಅದೇ 1960ರಲ್ಲಿ ಲಿಬ್ರಿಯಂ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1963ರಲ್ಲಿ ಅದರ ತಮ್ಮನಂತೆ ವ್ಯಾಲಿಯಂ, ಅಂದರೆ ಡಯಜೆಪಾಂ ಬಂತು. ಬೆಂಜೋಡಯಜೆಪೀನ್ ಎಂಬ ಈ ಕುಟುಂಬ ಆಮೇಲೆ ಬೆಳೆಯುತ್ತಲೇ ಹೋಯಿತು. ಇಂದು ನಮ್ಮ ಮನೆಗಳಲ್ಲಿ ಕಾಣುವ ಆಲ್ಪ್ರಜೋಲಾಂ, ಕ್ಲೋನಜೆಪಾಂ, ಲೋರಜೆಪಾಂ, ನೈಟ್ರಜೆಪಾಂ ಎಲ್ಲವೂ ಇದೇ ವಂಶದವು.

ಹಳೆಯ ಔಷಧಿಗಳಿಗಿಂತ ಇವು ಅಪಾಯ ಕಡಿಮೆ ಎಂಬುದು ನಿಜ. ಆ ನಿಜದ ಬೆನ್ನಲ್ಲೇ 'ಅಪಾಯವೇ ಇಲ್ಲ' ಎಂಬ ಭ್ರಮೆಯೂ ಬೆಳೆಯಿತು. 1969ರಿಂದ 1982ರವರೆಗೆ ಅಮೆರಿಕದಲ್ಲಿ ಅತಿ ಹೆಚ್ಚು ಬರೆದುಕೊಟ್ಟ ಔಷಧಿ ವ್ಯಾಲಿಯಂ. 1978ರ ಒಂದೇ ವರ್ಷದಲ್ಲಿ 200 ಕೋಟಿಗೂ ಹೆಚ್ಚು ಮಾತ್ರೆಗಳು ಖರ್ಚಾದವು.

<b>ಬ್ರೇಕ್ ಮತ್ತು ಪೆಡಲ್</b>

ನಮ್ಮ ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ನರಕೋಶಗಳ ಆವೇಗವನ್ನು ತಗ್ಗಿಸುವುದು ಅದರ ಕೆಲಸ. ಸೈಕಲ್ಲಿಗೆ ಬ್ರೇಕ್ ಇದ್ದ ಹಾಗೆ. ಈ ಮಾತ್ರೆಗಳು ಆ ಬ್ರೇಕನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುವಂತೆ ಮಾಡುತ್ತವೆ. ಕಳವಳ ತಗ್ಗುತ್ತದೆ, ಮೈ ಸಡಿಲವಾಗುತ್ತದೆ, ರೆಪ್ಪೆ ಭಾರವಾಗುತ್ತದೆ.

ಆದರೆ ದಿನವೂ ಬ್ರೇಕ್ ಹಿಡಿದೇ ಇದ್ದರೆ ಮಿದುಳು ಸುಮ್ಮನಿರುವುದಿಲ್ಲ, ಪೆಡಲನ್ನು ಇನ್ನೂ ಜೋರಾಗಿ ತುಳಿಯಲು ಕಲಿಯುತ್ತದೆ. ಕೆಲವೇ ವಾರಗಳಲ್ಲಿ ಮೊದಲಿನ ಪ್ರಮಾಣಕ್ಕೆ ಮೊದಲಿನ ನಿದ್ದೆ ಬಾರದು. ಆಗ ಒಮ್ಮೆಲೇ ಮಾತ್ರೆ ನಿಲ್ಲಿಸಿದರೆ ಏನಾಗುತ್ತದೆ? ಬ್ರೇಕ್ ಬಿಟ್ಟುಹೋಗಿದೆ, ಪೆಡಲ್ ಮಾತ್ರ ತಿರುಗುತ್ತಲೇ ಇದೆ. ಹಿಂದೆಂದಿಗಿಂತ ಹೆಚ್ಚಿನ ನಿದ್ರಾಹೀನತೆ, ಎದೆ ಡವಗುಟ್ಟುವುದು, ಬೆವರು, ಕೈ ನಡುಕ, ಸಣ್ಣ ಸದ್ದಿಗೂ ಬೆಚ್ಚುವುದು. ಕೆಲವರಿಗೆ ಫಿಟ್ಸ್ ಕೂಡ ಬರಬಹುದು.

ಅಜ್ಜಿ ಒಂದು ರಾತ್ರಿ ಮಾತ್ರೆ ಬಿಟ್ಟು ನೋಡುತ್ತಾರೆ. ಕಣ್ಣು ಮುಚ್ಚುವುದಿಲ್ಲ. 'ನೋಡಿ, ಮಾತ್ರೆ ಇಲ್ಲದೆ ನನಗೆ ಆಗೋದೇ ಇಲ್ಲ' ಎನ್ನುತ್ತಾರೆ. ಆ ರಾತ್ರಿಯ ಎಚ್ಚರ ಅವರ ಹಳೆಯ ಕಾಯಿಲೆಯಲ್ಲ, ಮಾತ್ರೆ ಬಿಟ್ಟದ್ದರ ಪರಿಣಾಮ. ಇದು ಅವರಿಗೂ ತಿಳಿಯದು, ಮನೆಯವರಿಗೂ ತಿಳಿಯದು. ಮರುದಿನ ಮತ್ತೆ ಸ್ಟ್ರಿಪ್ ಬರುತ್ತದೆ. ಸಾಲ ತೀರಿಸಲು ಮತ್ತೆ ಸಾಲ ಮಾಡಿದಂತೆ.

ಇದನ್ನು ಲೋಕಕ್ಕೆ ಮನದಟ್ಟು ಮಾಡಿಸಿದವರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯೆ ಹೆದರ್ ಆಶ್ಟನ್ ಪ್ರಮುಖರು. 1982ರಿಂದ 1994ರವರೆಗೆ ಅವರು ಈ ಮಾತ್ರೆಗಳನ್ನು ಬಿಡಲಾರದವರಿಗೆಂದೇ ಕ್ಲಿನಿಕ್ ನಡೆಸಿದರು. ಅವರಲ್ಲಿಗೆ ಬರುತ್ತಿದ್ದವರು ಪುಂಡರಲ್ಲ. ವೈದ್ಯರು ಹೇಳಿದಂತೆ ಮಾತ್ರೆ ನುಂಗುತ್ತ ಬಂದ ಗೃಹಸ್ಥರು, ಗೃಹಿಣಿಯರು. ಆಶ್ಟನ್ ಕಂಡುಕೊಂಡ ದಾರಿ ಸರಳ: ಪ್ರಮಾಣವನ್ನು ವಾರ ವಾರವೂ ಸ್ವಲ್ಪ ಸ್ವಲ್ಪವೇ ಇಳಿಸುತ್ತ, ತಿಂಗಳುಗಟ್ಟಲೆ ತಾಳ್ಮೆಯಿಂದ ಕೆಳಗೆ ಬರುವುದು. 1988ರಲ್ಲೇ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಇವನ್ನು ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬಾರದೆಂದು ವೈದ್ಯರಿಗೆ ಸೂಚಿಸಿತ್ತು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಅವಲಂಬನೆಯ ಅಪಾಯವನ್ನು ಈ ಔಷಧಿಗಳ ಮಾಹಿತಿ ಪತ್ರದಲ್ಲಿ ಚೌಕಟ್ಟಿನೊಳಗೆ ಎದ್ದು ಕಾಣುವಂತೆ ಮುದ್ರಿಸಬೇಕೆಂದು ಕಡ್ಡಾಯ ಮಾಡಿತು.

<b>ಪರೀಕ್ಷೆಗೆ ಇದು ಮದ್ದಲ್ಲ</b>

ಈಗ ಮಗಳ ವಿಷಯಕ್ಕೆ ಬರೋಣ. ಎಂಡೋಸ್ಕೋಪಿಯಂಥ ತಪಾಸಣೆಗೆ ಮುಂಚೆ ಕೆಲವರಿಗೆ ಮಿಡಜೋಲಾಂ ಎಂಬ ಇಂಜೆಕ್ಷನ್ ಕೊಡುವುದುಂಟು. ಅದೂ ಇದೇ ವಂಶದ್ದು. ತಪಾಸಣೆ ಮುಗಿದ ಮೇಲೆ ರೋಗಿಗೆ ಅಲ್ಲಿ ನಡೆದದ್ದು ಅಷ್ಟಾಗಿ ನೆನಪಿರುವುದಿಲ್ಲ. ಹೊಸ ನೆನಪು ನೆಲೆಗೊಳ್ಳದಂತೆ ಮಾಡುವುದು ಈ ಔಷಧಿಗಳ ಗುಣವೇ. ವೈದ್ಯರಿಗೆ ಅಲ್ಲಿ ಅದು ಅನುಕೂಲ. ಪರೀಕ್ಷೆಗೆ ಓದುತ್ತಿರುವವರಿಗೆ ಅದಕ್ಕಿಂತ ಅನನುಕೂಲ ಇನ್ನೇನಿದೆ?

ಹಗಲು ಓದಿದ್ದನ್ನು ಮಿದುಳು ಜೋಡಿಸಿಡುವುದು ನಿದ್ದೆಯಲ್ಲಿ, ಅದರಲ್ಲೂ ಗಾಢ ನಿದ್ದೆಯಲ್ಲಿ. ಮಾತ್ರೆ ತರುವ ನಿದ್ದೆ ಉದ್ದವಾಗಿರಬಹುದು, ಆದರೆ ಆ ಗಾಢ ಭಾಗವನ್ನೇ ಅದು ಕಡಿಮೆ ಮಾಡುತ್ತದೆ. ಬೆಳಿಗ್ಗೆ ಮಂಪರು ಬೇರೆ. ಅರ್ಧ ಮಾತ್ರೆ ನುಂಗಿ ಮಲಗಿದ ಹುಡುಗಿ, ಓದಿದ್ದನ್ನು ಉಳಿಸಿಕೊಳ್ಳುವ ಬದಲು ಅಡವಿಟ್ಟು ಬಂದಂತೆ.

ಹಿರಿಯರ ತೊಂದರೆ ಇನ್ನೊಂದು ಬಗೆಯದು. ಡಯಜೆಪಾಂ ಅರ್ಧದಷ್ಟು ದೇಹದಿಂದ ಹೋಗಲು ಇಪ್ಪತ್ತರ ಹರೆಯದಲ್ಲಿ ಸುಮಾರು 20 ಗಂಟೆ ಸಾಕು; ಎಂಬತ್ತರ ಇಳಿವಯಸ್ಸಿನಲ್ಲಿ ಸುಮಾರು 90 ಗಂಟೆ ಬೇಕು. ನಿನ್ನೆಯ ಮಾತ್ರೆ ಕರಗುವ ಮೊದಲೇ ಇಂದಿನದು ಸೇರುತ್ತದೆ. ರಾತ್ರಿ ಬಚ್ಚಲಿಗೆ ಎದ್ದಾಗ ಕಾಲು ತಡವರಿಸಿ ಬೀಳುವುದು, ಸೊಂಟದ ಮೂಳೆ ಮುರಿಯುವುದು ಹೀಗೆ. 'ಅಜ್ಜಿಗೆ ಮರೆವು ಹೆಚ್ಚಾಯ್ತು' ಎಂದು ನಾವು ವಯಸ್ಸನ್ನು ದೂರುವಾಗ, ಒಮ್ಮೆ ಅವರ ಔಷಧಿ ಡಬ್ಬಿಯನ್ನೂ ನೋಡುವುದು ಒಳ್ಳೆಯದು.

<b>ನಮ್ಮಲ್ಲಿಯ ಸ್ಥಿತಿ</b>

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇಕಡ 1.08 ಮಂದಿ, ಅಂದರೆ ಸುಮಾರು 1.18 ಕೋಟಿ ಜನ, ವೈದ್ಯರ ಸಲಹೆಯ ಹೊರಗೆ ಇಂಥ ಶಾಮಕ ಔಷಧಿಗಳನ್ನು ಬಳಸುತ್ತಿದ್ದರು. ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್-1 ಪಟ್ಟಿಯಲ್ಲಿ ಆಲ್ಪ್ರಜೋಲಾಂ, ಡಯಜೆಪಾಂ, ನೈಟ್ರಜೆಪಾಂ, ಜೋಲ್ಪಿಡೆಮ್ ಮುಂತಾದವು ಸೇರಿವೆ. ಇವನ್ನು ಮಾರುವಾಗ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಆದರೆ 'ನಮ್ಮವರೇ ಅಲ್ಲವೆ' ಎಂದು ಹಳೆಯ ಚೀಟಿಗೆ ಮಾತ್ರೆ ಕೊಡುವ ಅಂಗಡಿಯೂ, ಕೇಳುವ ನಾವೂ ಇರುವವರೆಗೆ ಪುಸ್ತಕವೊಂದೇ ಏನು ಮಾಡೀತು?

<b>ಬಿಡುವುದು ಹೇಗೆ?</b>

ಈ ಲೇಖನ ಓದಿ ಯಾರೂ ಇಂದು ರಾತ್ರಿಯೇ ಮಾತ್ರೆಯನ್ನು ಎಸೆಯಬಾರದು. ಬಹುಕಾಲದಿಂದ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸುವುದು ಅಪಾಯ. ಮೂರ್ಛೆರೋಗದಂಥ ಕಾಯಿಲೆಗೂ ಈ ಔಷಧಿಗಳನ್ನು ಕೊಡುವುದುಂಟು. ಅಂಥವರಿಗೆ ಅವು ಅಗತ್ಯ. ಮಾಡಬೇಕಾದದ್ದು ಇಷ್ಟೆ: ಆ ಹಳೆಯ ಚೀಟಿಯನ್ನು ಅಂಗಡಿಗಲ್ಲ, ವೈದ್ಯರಿಗೆ ತೋರಿಸಿ. 'ಇದು ಇನ್ನೂ ಬೇಕೆ? ಬೇಡವಾದರೆ ಹೇಗೆ ಇಳಿಸುವುದು?' ಎಂದು ಕೇಳಿ. ಇಳಿಸುವ ಲೆಕ್ಕ ಅವರೇ ಹಾಕಿಕೊಡಲಿ. ಕುಡಿತದ ಜೊತೆ ಈ ಮಾತ್ರೆ ಸೇರಿದರೆ ಉಸಿರಿಗೇ ಸಂಚಕಾರ ಎಂಬುದನ್ನೂ ಮರೆಯಬಾರದು.

ನಿದ್ದೆಗೆ ಮಾತ್ರೆಯಿಲ್ಲದ ಚಿಕಿತ್ಸೆಯೂ ಇದೆ. ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ಅಭ್ಯಾಸ ಮತ್ತು ಆಲೋಚನೆಯನ್ನು ತಿದ್ದುವ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಸಂಘಟನೆಯೊಂದು 2016ರಲ್ಲಿ ಶಿಫಾರಸು ಮಾಡಿತು. ಅದರ ಸಾರ ಮನೆಯಲ್ಲೂ ಪಾಲಿಸುವಂಥದು. ಎಷ್ಟು ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ. ಸಂಜೆಯ ಮೇಲೆ ಕಾಫಿ, ಟೀ ಬೇಡ. ಹಾಸಿಗೆ ಇರುವುದು ನಿದ್ದೆಗೆ. ಓದುವುದು, ಮೊಬೈಲ್ ನೋಡುವುದು ಅಲ್ಲಿ ಬೇಡ. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಕೂತು, ಕಣ್ಣು ಎಳೆದಾಗ ಮರಳಿ ಬನ್ನಿ. ಗಡಿಯಾರ ನೋಡುತ್ತ ಹೊರಳಾಡುವುದು ಬೇಡ. ಮನಸ್ಸಿನ ಭಾರ ಹೆಚ್ಚಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ವಿದ್ಯಾರ್ಥಿಯೇ ನೇರವಾಗಿ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎನ್ನುತ್ತದೆ ನಮ್ಮ ಗಾದೆ. ನಿದ್ದೆ ಕೆಡಿಸಿದ ಚಿಂತೆಯನ್ನು ಕೇಳಿ ತಿಳಿಯುವ ಬದಲು ನಾವು ನಿದ್ದೆಯನ್ನೇ ಅಂಗಡಿಯಿಂದ ತರಲು ಹೊರಟಿದ್ದೇವೆ. ಪರೀಕ್ಷೆಯ ಮುಂಚಿನ ಆ ರಾತ್ರಿ ಮಗಳಿಗೆ ಬೇಕಾದದ್ದು ಅರ್ಧ ಮಾತ್ರೆಯಲ್ಲ. ತಾಯಿ ಹತ್ತು ನಿಮಿಷ ಅವಳ ಪಕ್ಕದಲ್ಲಿ ಕೂತು 'ಏನು ಹೆದರಿಕೆ ಹೇಳು' ಎಂದು ಕೇಳಬೇಕು. ಅಜ್ಜ ಹೋದ ಮೇಲೆ ಅಜ್ಜಿಯನ್ನೂ ಯಾರಾದರೂ ಹಾಗೆ ಕೇಳಿದ್ದರೆ, ಆ ಸ್ಟ್ರಿಪ್ ಇಷ್ಟು ವರ್ಷ ಡಬ್ಬಿಯಲ್ಲಿ ಉಳಿಯುತ್ತಿರಲಿಲ್ಲವೇನೋ.